ಹದಿನೇಳನೆಯ ಸಾಲು

ತನ್ನ ಡೈರಿಯೂ ಸುಳ್ಳು ಹೇಳುವುದನ್ನು ಕಲಿತುಬಿಟ್ಟಿದೆಯೇನೋ ಎಂಬ ಸಣ್ಣ ಅನುಮಾನ ನಾಗರತ್ನಾಳಿಗೆ ಬಂದದ್ದು ಬೆಳಿಗ್ಗೆ, ತಡಸದ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ. ಹಿಂದಿನ ದಿನದ ಪುಟದಲ್ಲಿ ಅವಳು ಬರೆದಿದ್ದಳು: ‘ಇಂದು ಮನಸ್ಸಿನ ಸ್ಥಿತಿಯಲ್ಲಿ ಕೆಲವು ಚಿಕ್ಕ ಬದಲಾವಣೆಗಳಾದವು.’ ಆದದ್ದೇನೆಂದರೆ, ಆಫೀಸಿನ ಕಕ್ಕಸಿನ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಇಪ್ಪತ್ತು ನಿಮಿಷ ಅತ್ತಿದ್ದಳು. ನೀರು ಪೋಲಾಗುತ್ತದಲ್ಲ ಎಂದು ನಡುವೆ ಒಮ್ಮೆ ನಲ್ಲಿ ನಿಲ್ಲಿಸಿ ಸದ್ದಿಲ್ಲದೆ ಅಳಲು ನೋಡಿ, ಆಗದೆ, ಮತ್ತೆ ಬಿಟ್ಟಿದ್ದಳು. ಹೊರಗಿನಿಂದ ಸಹೋದ್ಯೋಗಿ ಮಹಾಂತೇಶ ಬಾಗಿಲು ತಟ್ಟಿ, ‘ಬಿಡುಗಡೆ ನಾಳೆ ಐತ್ರಿ ಮೇಡಮ್ಮಾರ, ಇವತ್ತ ಒಳಗ ಒಬ್ಬರ ಮಾಡ್ಕೋಬ್ಯಾಡ್ರಿ’ ಎಂದಿದ್ದ. ಅದಕ್ಕೆ ಅವಳು ಒಳಗಿನಿಂದಲೇ ನಕ್ಕಂತೆ ಒಂದು ಸದ್ದು ಮಾಡಿದ್ದಳು; ಅದೇ ಎಲ್ಲಕ್ಕಿಂತ ಹೆಚ್ಚು ನಾಚಿಕೆಯದು. ಇದರಲ್ಲಿ ಯಾವುದೂ ಡೈರಿಯಲ್ಲಿ ಇರಲಿಲ್ಲ. ಪಿಯುಸಿಯಿಂದ ಇಲ್ಲಿಯವರೆಗೆ ಏಳು ಡೈರಿಗಳು ಕೌದಿಗಳ ಕೆಳಗೆ ಟ್ರಂಕಿನಲ್ಲಿವೆ. ಅವ್ವ ಕರೆವ್ವನಿಗೆ ಓದು ಬರುವುದಿಲ್ಲ, ಅಪ್ಪ ಫಕ್ಕೀರಪ್ಪನಿಗೆ ಓದಲು ಬಂದರೂ ಹೆಣ್ಣುಮಗಳ ಟ್ರಂಕು ತೆಗೆಯುವ ಮನುಷ್ಯನಲ್ಲ. ಹಾಗಿದ್ದರೆ ಅವಳು ಅಷ್ಟು ಮರ್ಯಾದೆಯಿಂದ ಬರೆದದ್ದು ಯಾರಿಗೆ ಅಂಜಿ? ಓದುವವರೇ ಇಲ್ಲದ ಕಡೆ ಇಂಥ ಭಾಷೆ ಬಳಸುವವಳು ಸಾವಿರ ಜನ ಓದುವ ಕಡೆ ಏನು ಬರೆದಿರಬೇಡ! ಬಾಯಿಯ ನೊರೆ ಉಗುಳುವುದನ್ನು ಮರೆತು ನಿಂತವಳನ್ನು ಅವ್ವ ಒಳಗಿನಿಂದ ಕರೆದಳು. ‘ಮೈಕಿನ್ಯಾಗ ಓದಾಕಿ ಅದೀ, ಜಲ್ದಿ ಜಳಕಾ ಮಾಡು. ಓಣಿ ಮಂದಿಗೆಲ್ಲಾ ಹೇಳೇನಿ.’

ಓದಬೇಕಾಗಿದ್ದದ್ದು ‘ಹಂದರ’ದ ನಾಲ್ಕನೆಯ ಆವೃತ್ತಿಯ ಬಿಡುಗಡೆ ಟಿಪ್ಪಣಿಯನ್ನು, ಮಧ್ಯಾಹ್ನ ನಾಲ್ಕಕ್ಕೆ, ಹಾನಗಲ್ಲಿನ ಒಂದು ಕಲ್ಯಾಣಮಂಟಪದಲ್ಲಿ. ಹಂದರವೆಂದರೆ ಶಿಗ್ಗಾಂವದ ಬಸವೇಶ ತನ್ನ ಆಫೀಸಿನಲ್ಲಿ ಕುಳಿತು ಕಟ್ಟಿಸಿದ್ದ ಚೌಕಟ್ಟು. ವೆಬ್‌ಸೈಟ್ ಕಟ್ಟುವವರಿಗೆ ಕಂಬ, ಗಳ, ತಟ್ಟಿ ಎಲ್ಲವನ್ನೂ ಸಿದ್ಧವಾಗಿ ಕೊಡುವಂಥದ್ದು. ‘ಹಂದರ ಹಾಕೋರು ನಾವು, ಮದುವಿ ಮಾಡ್ಕೊಳ್ಳೋರು ನೀವು’ ಎಂದು ಬಸವೇಶ ಹೋದಲ್ಲೆಲ್ಲ ಹೇಳುತ್ತಿದ್ದ, ಮತ್ತು ಹೋದಲ್ಲೆಲ್ಲ ಜನ ನಗುತ್ತಿದ್ದರು. ಹಿರೇಕೆರೂರಿನ ಗೋವಿನಜೋಳದ ದಲಾಲಿ ಅಂಗಡಿಗಳು, ಸವಣೂರಿನ ಎಲೆ ವ್ಯಾಪಾರಿಗಳು, ಹಾನಗಲ್ಲಿನ ಮಾವಿನ ಸಸಿಯವರು, ನಾಲ್ಕೂ ತಾಲೂಕಿನ ಖಾಸಗಿ ಶಾಲೆ ಕಾಲೇಜುಗಳು, ಹೀಗೆ ಯಾರ ಸೈಟು ತೆರೆದರೂ ಕೆಳಗೆ ಚಿಕ್ಕ ಅಕ್ಷರದಲ್ಲಿ ಹಂದರದ ಹೆಸರು. ವರ್ಷಕ್ಕೊಮ್ಮೆ ಹಂದರ ಹೊಸದಾಗುತ್ತಿತ್ತು. ಹೊಸದಾದಾಗ ಹಳೆಯದರಲ್ಲಿ ನಡೆಯುತ್ತಿದ್ದ ಕೆಲವು ಸಂಗತಿಗಳು ನಡೆಯದಾಗುತ್ತಿದ್ದವು. ಇವನ್ನು ಆ ಕಸುಬಿನವರು ಮುರಿಯುವ ಬದಲಾವಣೆಗಳೆನ್ನುತ್ತಾರೆ. ಯಾವುದು ಮುರಿಯುತ್ತದೆ, ಮುರಿಯುವ ಮುಂಚೆ ಏನು ಮಾಡಿಕೊಳ್ಳಬೇಕು ಎಂದು ಸೈಟು ನಡೆಸುವವರಿಗೆ ಬರೆದು ತಿಳಿಸುವುದು ನಾಗರತ್ನಾಳ ಉದ್ಯೋಗ. ಬಿಸಿಎಯಲ್ಲಿ ಅವಳಿಗಿಂತ ಹೆಚ್ಚು ಅಂಕ ತೆಗೆದವರು ಬಹಳ ಮಂದಿ ಇದ್ದರು. ‘ಆದ್ರ ಈ ಹುಡುಗಿ ಕನ್ನಡ ಮೆತ್ತಗೈತಿ’ ಎಂದು ಬಸವೇಶ ಅವಳನ್ನು ಆರಿಸಿದ್ದ. ಆ ಮಾತನ್ನು ಅವಳು ಅಂದು ಡೈರಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದಳು, ಬೈಗುಳವೋ ಹೊಗಳಿಕೆಯೋ ಗೊತ್ತಾಗದೆ.

‘ಹೋಗ್ತೇನಿ ಯವ್ವಾ.’

‘ಬರ್ತೇನಿ ಅನ್ನು.’

‘ಬರ್ತೇನಿ.’

ಶಿಗ್ಗಾಂವದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೀರೆಯ ನೆರಿಗೆ ಸುಕ್ಕಾಗದಂತೆ ಬೆನ್ನು ನೆಟ್ಟಗೆ ಇಟ್ಟು ಕುಳಿತಳು. ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲೆ ಕುಳಿತ ಕೂಸು ಹಿಂದಕ್ಕೆ ತಿರುಗಿ ಅವಳನ್ನೇ ನೋಡುತ್ತಿತ್ತು. ಕೂಸುಗಳು ಹೀಗೆ ನೋಡಿದರೆ ಅವಳಿಗೆ ಮುಜುಗರ, ಏನೋ ಗೊತ್ತಾಗಿದೆ ಇವಕ್ಕೆ ಅನ್ನಿಸುತ್ತದೆ. ಗೊತ್ತಾಗುವಂಥದ್ದು ಇತ್ತು. ಹದಿನೇಳನೆಯ ಸಾಲು. ಅವಳು ಎರಡು ವರ್ಷದಲ್ಲಿ ಬರೆದ ಸಾಲುಗಳಲ್ಲಿ ಅದೊಂದೇ ಅವಳಿಗೆ ಬಾಯಿಪಾಠ: ‘ಮೂರನೆಯ ಆವೃತ್ತಿಯಲ್ಲಿ ಅರ್ಜಿಗಳ ಜೊತೆ ಸೇರಿಸಿದ ಫೋಟೊ, ಅಂಕಪಟ್ಟಿ, ಪ್ರಮಾಣಪತ್ರಗಳನ್ನು ನಾಲ್ಕನೆಯ ಆವೃತ್ತಿ ಗುರುತಿಸುವುದಿಲ್ಲ. ಬೇರೆ ಕಡೆ ಪ್ರತಿ ತೆಗೆದಿಡದೆ ಅಪ್‌ಡೇಟ್ ಮಾಡಿದರೆ ಅವು ಅಳಿಸಿಹೋಗುತ್ತವೆ, ಮರಳಿ ಬರುವುದಿಲ್ಲ.’ ಬರೆದ ದಿನ ಅದನ್ನು ಮೂರು ಸಲ ಓದಿಕೊಂಡಿದ್ದಳು. ಒಂದೂ ಮೆತ್ತನೆಯ ಪದ ಇರಲಿಲ್ಲ. ಎದೆಯಲ್ಲಿ ಏನೋ ನೆಟ್ಟಗೆ ನಿಂತಂತಾಗಿತ್ತು. ಆಮೇಲೆ ಅದನ್ನು ಪ್ರಿಂಟ್ ತೆಗೆದು, ಎಲ್ಲರೂ ಮಾಡುವಂತೆ, ಆಫೀಸಿನ ಕೆಳಗಿನ ಬೀಜ ಗೊಬ್ಬರದ ಅಂಗಡಿಗೆ ಕುಬೇರಪ್ಪನವರ ಹತ್ತಿರ ಒಯ್ದಿದ್ದಳು.

ಕುಬೇರಪ್ಪ ಬಸವೇಶನ ತಂದೆ. ಕಂಪ್ಯೂಟರಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಶಿಗ್ಗಾಂವದಲ್ಲಿ ಅಚ್ಚಾಗುವ ಲಗ್ನಪತ್ರಿಕೆಗಳಲ್ಲಿ ಅರ್ಧದಷ್ಟು ಅವರ ಕಣ್ಣಿನ ಕೆಳಗೆ ಹಾಯ್ದೇ ಪ್ರೆಸ್ಸಿಗೆ ಹೋಗುವುದು ಮೂವತ್ತು ವರ್ಷಗಳ ರೂಢಿ. ಯಾರ ಹೆಸರು ಯಾರ ಮೇಲೆ ಬರಬೇಕು, ತೀರಿಹೋದ ಅಜ್ಜನನ್ನು ಹೇಗೆ ಬರೆದರೆ ತೀರಿಹೋದಂತೆ ಕಾಣುವುದಿಲ್ಲ, ಇದೆಲ್ಲ ಅವರಿಗೇ ಗೊತ್ತು. ಅಂಥ ಕೈ ಮನೆಯಲ್ಲೇ ಇರುವಾಗ ಹಂದರದ ಟಿಪ್ಪಣಿ ಬೇರೆ ಯಾರಿಗೆ ತೋರಿಸಬೇಕು ಎಂದು ಬಸವೇಶ ಮೊದಲ ವರ್ಷವೇ ಠರಾಯಿಸಿದ್ದ. ಹಾಗಾಗಿ ಟಿಪ್ಪಣಿಯು ಲಗ್ನಪತ್ರಿಕೆಯ ಕಾಗದದಲ್ಲಿ, ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ ಅಚ್ಚಾಗಿ, ನಾಲ್ಕು ಮೂಲೆಗೆ ಅರಿಷಿಣ ಹಚ್ಚಿಸಿಕೊಂಡು ಸೈಟು ನಡೆಸುವವರ ಕೈಸೇರುತ್ತಿತ್ತು. ವೆಬ್ಬಿನಲ್ಲೂ ಅದೇ ಪಾಠ.

ಅಂದು ಕುಬೇರಪ್ಪ ಕನ್ನಡಕ ಏರಿಸಿ, ‘ಹದಿನೇಳನೇದು ಓದು ತಂಗಿ’ ಎಂದರು. ಓದಿದಳು. ‘ಮರಳಿ ಬರುವುದಿಲ್ಲ’ ಎನ್ನುವಲ್ಲಿ ಅವರು ಕಣ್ಣು ಮುಚ್ಚಿದರು.

‘ಇದು ಯಾರ ಮನಿ ಮಾತವಾ?’

‘ಖರೇನ ಅಳಿಸಿ ಹೋಗ್ತಾವ್ರಿ ಅಜ್ಜಾರ.’

‘ಖರೇ ಐತಿ ಅಂತ ಎಲ್ಲಾ ಹೇಳಾಕ ಬರ್ತೈತೇನು? ನಿಮ್ಮವ್ವನ ಬಳಿ ಒಡದ್ರ ಏನಂತಾಳ?’

‘ಬಳಿ ಹೆಚ್ಚಿದುವು ಅಂತಾಳ್ರಿ.’

‘ಡಬ್ಬ್ಯಾಗಿನ ಅಕ್ಕಿ ತೀರಿದ್ರ?’

‘ತುಂಬ್ಯಾವು ಅಂತಾಳ್ರಿ.’

‘ಸಾಲಿ ಕಲೀದ ಅಕಿಗೆ ಐತಿ ಆ ಬುದ್ಧಿ. ಬಿಸಿಎ ಮಾಡಿದ ನಿನಗ ಬ್ಯಾಡೇನು?’

ಗೊಬ್ಬರದ ಚೀಲದ ಮೇಲೆ ಕುಳಿತಿದ್ದ ಇಬ್ಬರು ರೈತರು ಹೌದೌದೆಂದು ತಲೆಯಾಡಿಸಿದರು. ಬಸವೇಶನನ್ನು ಮೇಲಿನಿಂದ ಕರೆಸಲಾಯಿತು. ಅವನು ಟಿಪ್ಪಣಿಯ ಮೇಲೆ ಕಣ್ಣಾಡಿಸಿ, ಗದರಿಸದೆ, ಗದರಿಸುವುದಕ್ಕಿಂತ ಕಷ್ಟವಾದ ಸಮಾಧಾನದ ದನಿಯಲ್ಲಿ, ‘ನೋಡು ನಾಗರತ್ನಾ, ಮಂದಿ ಹೆದರಿದ್ರ ಅಪ್‌ಡೇಟ್ ಮಾಡಂಗಿಲ್ಲ. ಹಳೇ ಫೈಲ್ ಹೋದ್ರ ಏನಾಗ್ತೈತಿ? ಸೈಟು ಹಗುರ ಆಗ್ತೈತಿ. ಅದನ್ನ ಬರಿ. ಸುಳ್ಳೇನಲ್ಲಲ್ಲ?’ ಎಂದ. ಸುಳ್ಳಲ್ಲ. ಅದೇ ಸಂಕಟ. ಹೆಣ ಸುಟ್ಟರೂ ಹಗುರವೇ ಆಗುತ್ತದೆ ಎಂದು ಅವಳಿಗೆ ಹೊಳೆಯಿತು; ಹೊಳೆದದ್ದಕ್ಕೆ ತಾನೇ ಬೆಚ್ಚಿ, ‘ಆತ್ರಿ ಸರ್’ ಎಂದಳು. ಇಷ್ಟರಲ್ಲಿ ಚಹಾ ಬಂತು. ಕುಬೇರಪ್ಪನವರಿಗೆ, ಬಸವೇಶನಿಗೆ, ಇಬ್ಬರು ರೈತರಿಗೆ ಪಿಂಗಾಣಿ ಬಸಿಯಲ್ಲಿ. ಅವಳಿಗೆ ಎಂದಿನಂತೆ ಕಾಗದದ ಕಪ್ಪಿನಲ್ಲಿ. ಮೊದಲ ದಿನ ಕುಬೇರಪ್ಪ ತಾವಾಗಿಯೇ ಹೇಳಿದ್ದರು, ‘ಪೇಪರ್ ಕಪ್ ಸ್ವಚ್ಛ ಇರ್ತಾವವಾ, ಹೆಣ್ಮಕ್ಕಳಿಗೆ ಅವ ಚಲೋ.’ ಆಮೇಲೆ ಬಸವೇಶನ ಹೆಂಡತಿಯ ತಂಗಿ ಐಶ್ವರ್ಯ ಆಫೀಸಿಗೆ ಬಂದಾಗ ಅವಳಿಗೆ ಪಿಂಗಾಣಿ ಬಂತು. ನಾಗರತ್ನಾ ಏನನ್ನೂ ಕೇಳಿರಲಿಲ್ಲ. ಎಷ್ಟು ಚೆಂದವಾಗಿ ಹೇಳುತ್ತಾರೆ ಇವರು, ತಾನು ಇವರಿಂದ ಕಲಿಯುವುದು ಬಹಳವಿದೆ ಎಂದಷ್ಟೇ ಅಂದುಕೊಂಡಿದ್ದಳು. ಕಲಿತಳು ಕೂಡ. ‘ತೆಗೆದುಹಾಕಲಾಗಿದೆ’ ಎಂಬುದು ‘ವಿಶ್ರಾಂತಿ ನೀಡಲಾಗಿದೆ’ ಆಯಿತು. ‘ಕೆಲಸ ಮಾಡುವುದಿಲ್ಲ’ ಎಂಬುದು ‘ಹೊಸ ರೀತಿಯನ್ನು ನಿರೀಕ್ಷಿಸುತ್ತದೆ’ ಆಯಿತು. ಹದಿನೇಳನೆಯದು ಹೀಗಾಯಿತು: ‘ಹಳೆಯ ಭಾರವನ್ನು ಇಳಿಸಿಕೊಂಡು ನಿಮ್ಮ ಜಾಲತಾಣವು ಹಗುರವಾಗುತ್ತದೆ.’ ಕುಬೇರಪ್ಪ ಓದಿ ತಲೆದೂಗಿದರು. ‘ಈಗ ಮುತ್ತೈದಿ ಆತು ನೋಡು.’

ಬಸ್ಸು ನಿಂತು ಇಳಿಯುವಾಗ ನೆರಿಗೆ ಸುಕ್ಕಾಗಿಯೇ ಹೋಗಿತ್ತು. ಆಫೀಸಿನಲ್ಲಿ ಟಿಪ್ಪಣಿಯ ಇನ್ನೂರು ಪ್ರತಿಗಳು ಅರಿಷಿಣಕ್ಕಾಗಿ ಕಾಯುತ್ತಿದ್ದವು. ಅದೂ ಅವಳದೇ ಕೆಲಸ. ಬೆರಳಿಗೆ ಅರಿಷಿಣ ಅದ್ದಿ ಮೂಲೆ, ಮೂಲೆ, ಮೂಲೆ, ಮೂಲೆ. ಪಕ್ಕದ ಮೇಜಿನಲ್ಲಿ ಮಹಾಂತೇಶ ಹುರಿದ ಶೇಂಗಾ ಬಿಡಿಸುತ್ತ ಕುಳಿತಿದ್ದ. ಹಂದರದ ಒಳಗಿನ ಕೋಡೆಲ್ಲ ಅವನದು. ಹಳೆಯ ಕಡತಗಳನ್ನು ಗುರುತಿಸದ ಬದಲಾವಣೆಯೂ ಅವನದೇ.

‘ಇದನ್ನ ಸರಿ ಮಾಡಾಕ ಬರೂದಿಲ್ಲೇನ್ರಿ ಮಹಾಂತೇಶಣ್ಣ?’ ಎಂದು ಅವಳು ಎಷ್ಟನೆಯ ಸಲವೋ ಕೇಳಿದಳು.

‘ಬರ್ತೈತಿ. ಮೂರು ವಾರ ಬೇಕು. ಮುಹೂರ್ತ ನಾಕ ಗಂಟೆಕ್ಕೈತಿ.’

‘ಮಂದಿ ಕಾಗದ ಹೋಗ್ತಾವಲ್ರಿ.’

‘ನೀ ಯಾಕ ಕೊರಗ್ತಿ ಮಾರಾಯ್ತಿ? ನಾ ಬರೇದು ಮಷೀನಿಗೆ. ಅದಕ್ಕ ಒಂದ ಚುಕ್ಕಿ ಸುಳ್ಳು ಹೇಳಿದ್ರ ಮಾರಿಗೆ ಉಗೀತೈತಿ. ನೀ ಬರೇದು ಮನಶ್ಯಾರಿಗೆ. ಅವರು ನಿನಗ ಪೇಢೆ ಕೊಡ್ತಾರ.’

ಅವನು ಶೇಂಗಾದ ಸಿಪ್ಪೆ ಊದಿದ. ಒಂದು ಹಾರಿ ಬಂದು ಅರಿಷಿಣದ ಬಟ್ಟಲಿನಲ್ಲಿ ಬಿತ್ತು. ಅವಳು ಅದನ್ನು ತೆಗೆದು, ಕೈ ಒರೆಸಿಕೊಂಡು, ತನ್ನ ಕಂಪ್ಯೂಟರಿನ ಮುಂದೆ ಕುಳಿತಳು. ವೆಬ್ಬಿನ ಟಿಪ್ಪಣಿ ಇನ್ನೂ ಅವಳ ಕೈಯಲ್ಲೇ ಇತ್ತು. ಹದಿನೇಳನೆಯ ಸಾಲನ್ನು ಅಳಿಸಿ ಹಳೆಯದನ್ನು ಬಾಯಿಪಾಠದಿಂದ ಟೈಪಿಸಿದಳು. ಪ್ರಕಟಿಸು ಎಂಬ ಗುಂಡಿಯ ಮೇಲೆ ಬಾಣದ ಗುರುತು ಇಟ್ಟಳು. ಬಸವೇಶ ಕೆಮ್ಮಿದ, ಅವನ ಕೋಣೆಯಲ್ಲಿ, ಬಾಗಿಲು ಮುಚ್ಚಿತ್ತು, ಬೇರೆ ಯಾವುದಕ್ಕೋ ಕೆಮ್ಮಿದ. ಅವಳು ಎಲ್ಲವನ್ನೂ ಮೊದಲಿನಂತೆ ಮಾಡಿ, ಪ್ರಕಟಿಸಿ, ಮತ್ತೆ ಅರಿಷಿಣಕ್ಕೆ ಹೋದಳು. ಕೀಲಿಮಣೆಯ ಮೇಲೆ ಹಳದಿ ಬೆರಳಿನ ಗುರುತುಗಳು ಉಳಿದಿದ್ದವು. ಅವನ್ನೂ ಸೆರಗಿನಿಂದ ಒರೆಸಿದಳು.

ಈ ಎಲ್ಲದರ ಹಿಂದೆ ಅಫ್ಸಾನಾ ಇದ್ದಳು. ಅಫ್ಸಾನಾ ಹುಲಗೂರಿನವಳು, ಕಾಲೇಜಿನ ಮೂರು ವರ್ಷ ಇಬ್ಬರೂ ಒಂದೇ ಬೆಂಚು. ಸವಣೂರಿನ ಬಸ್ ನಿಲ್ದಾಣದ ಎದುರು ಒಂದೇ ಕದದ ಅಂಗಡಿ ಹಿಡಿದು, ಹಂದರದ ಮೇಲೆ ಮಂದಿಗೆ ಸೈಟು ಕಟ್ಟಿಕೊಟ್ಟು, ಅವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಹೋದ ವರ್ಷ ಮೂರನೆಯ ಆವೃತ್ತಿ ಬಂದಾಗ ಹಂದರ ದಿನಾಂಕ ಓದುವ ಕ್ರಮವನ್ನು ಬದಲಿಸಿತ್ತು: ಮೊದಲು ದಿನ, ಆಮೇಲೆ ತಿಂಗಳು ಎಂದು ಓದುತ್ತಿದ್ದದ್ದು, ಮೊದಲು ತಿಂಗಳು, ಆಮೇಲೆ ದಿನ ಎಂದು ಓದತೊಡಗಿತು. ನಾಗರತ್ನಾ ಅದನ್ನು ‘ದಿನಾಂಕ ಪದ್ಧತಿಯನ್ನು ಜಾಗತಿಕ ಮಟ್ಟಕ್ಕೆ ಏರಿಸಲಾಗಿದೆ’ ಎಂದು ಬರೆದಿದ್ದಳು. ಅದು ಕುಬೇರಪ್ಪನವರಿಗೆ ಬಹಳ ಹಿಡಿಸಿತ್ತು. ಅಫ್ಸಾನಾ ನೋಡಿಕೊಳ್ಳುತ್ತಿದ್ದ ಒಂದು ನರ್ಸಿಂಗ್ ಕಾಲೇಜಿನ ಸೈಟಿನಲ್ಲಿ ಜೂನ್ ಏಳರ ಸಂದರ್ಶನ ಜುಲೈ ಆರಕ್ಕೆ ಏರಿತು. ಇಪ್ಪತ್ಮೂರು ಹುಡುಗಿಯರು ಜುಲೈ ಆರರಂದು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ತಾಯಂದಿರ ಜೊತೆ, ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಮುಂದೆ ನಿಂತರು. ಪ್ರವೇಶ ಮುಗಿದು ನಾಲ್ಕು ವಾರವಾಗಿತ್ತು. ಆ ತಾಯಂದಿರು ನಡೆದು ಅಫ್ಸಾನಾಳ ಅಂಗಡಿಗೆ ಬಂದರು. ಕಾಲೇಜು ಅವಳನ್ನು ಕೈಬಿಟ್ಟಿತು. ಆ ಸಂಜೆ ಅವಳು ಫೋನು ಮಾಡಿ ಒಂದೇ ಮಾತು ಕೇಳಿದಳು: ‘ನಾಗೂ, ನಿನಗ ಮೊದಲ ಗೊತ್ತಿತ್ತೇನು?’ ನಾಗರತ್ನಾ ಆಗ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಎದುರಿನ ಅಂಗಡಿಯ ಮಿರ್ಚಿಯ ಬಾಣಲೆಯನ್ನು ನೋಡುತ್ತ, ‘ನನಗೂ ಗೊತ್ತಿರಲಿಲ್ಲ’ ಎಂದಳು. ಅಫ್ಸಾನಾ ಬೈಯಲಿಲ್ಲ. ‘ಪಾಪ, ನಿನಗೂ ಹೇಳಿಲ್ಲ ನೋಡು ಆ ಮಂದಿ’ ಎಂದಳು. ಆ ‘ಪಾಪ’ ಎಂಬುದನ್ನು ನಾಗರತ್ನಾ ಡೈರಿಯಲ್ಲಿ ಬರೆಯಲು ನೋಡಿದ್ದಳು. ಬರೆದದ್ದು: ‘ಅಫ್ಸಾನಾಳ ಜೊತೆ ಮಾತಾಡಿದೆ. ಸಮಾಧಾನವಾಯಿತು.’ ಸಮಾಧಾನ ಯಾರಿಗಾಯಿತು ಎಂದು ಬರೆದಿರಲಿಲ್ಲ.

ಹಾನಗಲ್ಲಿಗೆ ಹೊರಟಾಗ ಬೊಲೆರೊದಲ್ಲಿ ಮುಂದೆ ಕುಬೇರಪ್ಪ, ನಡುವೆ ಬಸವೇಶ, ಅವನ ಹೆಂಡತಿ, ಐಶ್ವರ್ಯ. ಹಿಂದಿನ ಅಡ್ಡ ಸೀಟಿನಲ್ಲಿ ಮಹಾಂತೇಶ, ನಾಗರತ್ನಾ, ದೀಪದ ಕಂಬ, ಹಾರದ ಬುಟ್ಟಿ, ಪೇಢೆಯ ಡಬ್ಬಿ, ಟಿಪ್ಪಣಿಯ ಕಟ್ಟುಗಳು. ಬಂಕಾಪುರ ದಾಟಿದ ಮೇಲೆ ರಸ್ತೆಯ ತಗ್ಗಿಗೆ ದೀಪದ ಕಂಬ ಅವಳ ಮೊಣಕಾಲಿಗೆ ಬಡಿಯತೊಡಗಿತು. ಹಿಡಿದುಕೊಂಡಳು. ‘ದೀಪ ಜೋಕೆ ತಂಗಿ’ ಎಂದು ಮುಂದಿನಿಂದ ದನಿ ಬಂತು. ಜೋಕೆಯಾಗಿಯೇ ಹಿಡಿದಿದ್ದಳು. ಬಸವೇಶ ಹಿಂದಕ್ಕೆ ತಿರುಗಿ, ‘ಇವತ್ತ ವೇದಿಕಿ ಮ್ಯಾಲ ಲೈವ್ ಅಪ್‌ಡೇಟ್ ಇಟ್ಟೇನಿ. ಎಲ್ಲಾರ ಮುಂದ ಒಂದು ಸೈಟು ಮೂರರಿಂದ ನಾಕಕ್ಕ ಏರ್ತೈತಿ’ ಎಂದ.

‘ಯಾರ ಸೈಟ್ರೀ?’ ಎಂದ ಮಹಾಂತೇಶ.

‘ಅಕೀದ. ಸವಣೂರಿನ ಅಫ್ಸಾನಾಂದು. ಹೋದ ವರ್ಷ ಅಕೀಗೆ ಒಂದೀಟು ಬ್ಯಾಸರ ಆಗಿತ್ತಲ್ಲ. ಕರದು ಸ್ಟೇಜ್ ಮ್ಯಾಲ ಒಂದು ಶಾಲು ಹಾಕಿದ್ರ ಎಲ್ಲಾ ಸರಿ ಹೋಗ್ತೈತಿ.’

ದೀಪದ ಕಂಬ ಮತ್ತೊಮ್ಮೆ ಬಡಿಯಿತು. ಈ ಸಲ ಅವಳಿಗೆ ನೋವು ಗೊತ್ತಾಗಲಿಲ್ಲ. ಮಹಾಂತೇಶ ಅವಳ ಮುಖ ನೋಡಿದ. ನೋಡಿ, ಕಿಟಕಿಯ ಕಡೆ ತಿರುಗಿ, ಮಾವಿನ ತೋಪುಗಳನ್ನು ಬಹಳ ಆಸ್ಥೆಯಿಂದ ನೋಡತೊಡಗಿದ. ಈಗ ಹೇಳಬೇಕು ಎಂದುಕೊಂಡಳು. ಸರ್, ಬ್ಯಾಡ್ರಿ, ಎನ್ನಬೇಕು, ಎರಡೇ ಮಾತು. ಹಾನಗಲ್ಲಿನ ಕೆರೆ ಕಾಣುವವರೆಗೂ ಆ ಎರಡು ಮಾತನ್ನು ಜೋಡಿಸಿಕೊಳ್ಳುತ್ತಲೇ ಇದ್ದಳು. ಜೋಡಿಸಿದಷ್ಟೂ ಅವು ಉದ್ದವಾದವು. ಸರ್, ತಮಗೆ ಅಭ್ಯಂತರ ಇಲ್ಲದಿದ್ದರೆ. ಸರ್, ಒಂದು ಸಣ್ಣ ಸಲಹೆ. ಸರ್, ಇನ್ನೊಂದು ರೀತಿಯಲ್ಲಿ ನೋಡಿದರೆ. ಕೊನೆಗೆ ಅವು ಎಷ್ಟು ಸೊಗಸಾದವೆಂದರೆ ಅವುಗಳಲ್ಲಿ ಏನೂ ಉಳಿಯಲಿಲ್ಲ, ಗಾಡಿ ಮಂಟಪದ ಮುಂದೆ ನಿಂತಿತ್ತು.

ಮಂಟಪದ ಬಾಗಿಲಲ್ಲಿ ನಿಂತು ಬಂದವರಿಗೆ ಟಿಪ್ಪಣಿ ಮತ್ತು ಪೇಢೆ ಕೊಡುವುದು ಅವಳ ಪಾಲಿಗೆ ಬಂತು. ಹಿರೇಕೆರೂರಿನ ದಲಾಲಿ ಹೊಳಬಸಪ್ಪ ಟಿಪ್ಪಣಿಯನ್ನು ಅಲ್ಲೇ ನಿಂತು, ತುಟಿ ಅಲ್ಲಾಡಿಸುತ್ತ, ಕೊನೆಯವರೆಗೆ ಓದಿದ. ‘ನೀನ ಬರದೀಯೇನವಾ? ಭಾಳ ಚಲೋ ಬರದೀ. ನನಗ ಒಂದೂ ತಿಳೀಲಿಲ್ಲ, ಆದ್ರ ಮನಸ್ಸಿಗೆ ತಂಪಾತು’ ಎಂದ. ಅವನು ಇನ್ನೊಂದು ಪೇಢೆ ತೆಗೆದುಕೊಂಡು ಹೋದ ಮೇಲೆ, ಹಿಂದೆಯೇ ಅಫ್ಸಾನಾ ಬಂದಳು, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಬೈಕಿನ ಮೇಲೆ ಅಣ್ಣ ಹಯಾತನ ಹಿಂದೆ ಕುಳಿತು ಬಂದ ಧೂಳು ಮುಖದ ಮೇಲೆ.

‘ಏ ನಾಗೂ, ಏನ ಸೀರಿ ಉಟ್ಟೀಯಲೇ. ಹಂದರ ಐತಿ, ಹಾರ ಐತಿ, ವರ ಎಲ್ಲದಾನ?’

ನಾಗರತ್ನಾ ನಕ್ಕಳು. ‘ಯಾವ ಸೈಟು ತಂದೀ ಏರ್ಸಾಕ?’

‘ಹಾಸ್ಟೆಲ್‌ದ. ನಮ್ಮ ಕಡೆ ಹಳ್ಳಿ ಹುಡುಗ್ಯಾರಿಗೆ ಒಂದು ಸಂಸ್ಥೆ ಹಾಸ್ಟೆಲ್ ನಡಸ್ತೈತಲ್ಲ, ಅದು. ಮುನ್ನೂರಾ ಹನ್ನೆರಡು ಅರ್ಜಿ ಬಂದಾವು. ಒಂದೊಂದು ಅಂಕಪಟ್ಟಿ ನಾನ ಅಂಗಡ್ಯಾಗ ಕುಂತು ಸ್ಕ್ಯಾನ್ ಮಾಡೇನಿ. ಸೋಮವಾರ ಆಯ್ಕೆ ಐತಿ. ಕಾಗದ ಇಲ್ಲದ ಅರ್ಜಿ ಮುಟ್ಟೂದಿಲ್ಲ ಅವರು, ಭಾಳ ಕಡಕ್ ಮಂದಿ.’ ಅಫ್ಸಾನಾ ಪೇಢೆಯ ಅರ್ಧ ಕಡಿದು, ಉಳಿದ ಅರ್ಧವನ್ನು ನಾಗರತ್ನಾಳ ಬಾಯಿಗಿಟ್ಟಳು. ‘ಇದೊಂದು ನೆಟ್ಟಗಾದ್ರ ಅಂಗಡಿ ಉಳೀತೈತಿ. ಇದೂ ಕೈಬಿಟ್ರ ಮುಚ್ಚತೇನಿ.’

ಅವಳು ಮುಚ್ಚುವುದಕ್ಕೆ ಮುಚ್ಚುವುದೆಂದೇ ಅನ್ನುವವಳು. ಕಾಲೇಜಿನಲ್ಲೂ ಹಾಗೆಯೇ, ಫೇಲಾದ ದಿನ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತು ‘ಫೇಲಾಗೇನಿ’ ಎಂದು ಬಂದವರಿಗೆಲ್ಲ ಹೇಳಿ, ಆಮೇಲೆ ಊಟಕ್ಕೆ ಹೋಗಿದ್ದಳು. ಅದೇ ದಿನ ನಾಗರತ್ನಾ ಪಾಸಾಗಿಯೂ ರಾತ್ರಿ ಉಂಡಿರಲಿಲ್ಲ, ಅಂಕಗಳು ನಿರೀಕ್ಷೆಗಿಂತ ಕಡಿಮೆಯಾದದ್ದನ್ನು ಮನೆಯಲ್ಲಿ ಯಾವ ಪದದಲ್ಲಿ ಹೇಳಬೇಕೆಂದು ಹುಡುಕುತ್ತ.

‘ಒಂದು ಪ್ರತಿ ತಗದಿಟ್ಟೀಯಿಲ್ಲೋ?’ ಎಂದಳು ನಾಗರತ್ನಾ, ಬಾಯಲ್ಲಿ ಪೇಢೆ ಇಟ್ಟುಕೊಂಡೇ. ಇಷ್ಟು ಹೇಳಿದ್ದಕ್ಕೇ ಕಿವಿ ಬಿಸಿಯಾದವು.

‘ಯಾಕ? ನಿನ್ನ ಟಿಪ್ಪಣ್ಯಾಗ ತಗದಿಡ್ರಿ ಅಂತ ಇಲ್ಲಲ್ಲ. ನಾ ವೆಬ್ಬಿನ್ಯಾಗ ಎರಡು ಸಲ ಓದೇನಿ. ಬ್ಯಾರೇದವರು ಬರದದ್ದು ಒಂದು ಸಲ, ನೀ ಬರದದ್ದು ಎರಡು ಸಲ.’ ಅಷ್ಟರಲ್ಲಿ ಬಸವೇಶ ಬಂದು, ‘ಬರ್ರಿ ಬರ್ರಿ ಮೇಡಂ, ನೀವ ಇವತ್ತಿನ ಹೀರೋಯಿನ್’ ಎಂದು ಅಫ್ಸಾನಾಳನ್ನು ಮುಂದಿನ ಸಾಲಿಗೆ ಕರೆದೊಯ್ದ. ನಾಗರತ್ನಾ ಪೇಢೆಯನ್ನು ನುಂಗಿದಳು.

ದೀಪ ಹಚ್ಚಿದ್ದಾಯಿತು. ಫ್ಯಾನಿನ ಗಾಳಿಗೆ ಒಂದು ಬತ್ತಿ ಹೋದಾಗ ಕುಬೇರಪ್ಪ ‘ದೀಪ ದೊಡ್ಡದಾತು, ಫ್ಯಾನ್ ಬಂದ್ ಮಾಡ್ರಿ’ ಎಂದರು. ಫ್ಯಾನು ನಿಂತಿತು. ಸೆಕೆಯಲ್ಲಿ ಬಸವೇಶ ಹಂದರದ ಹುಟ್ಟು, ಬೆಳವಣಿಗೆ, ಮದುವೆಯ ಮಾತು ಎಲ್ಲ ಹೇಳಿದ, ಜನ ನಕ್ಕರು. ನಂತರ ನಾಗರತ್ನಾಳನ್ನು ಕರೆದರು. ಕಾಲುಗಳು ತಾವಾಗಿ ನಡೆದು ಅವಳನ್ನು ಮೈಕಿನ ಮುಂದೆ ನಿಲ್ಲಿಸಿದವು. ಓದತೊಡಗಿದಳು. ತನ್ನ ದನಿ ಮಂಟಪದ ಹಿಂದಿನ ಗೋಡೆಗೆ ತಾಗಿ ತಿರುಗಿ ಬರುವುದನ್ನು ಕೇಳಿದಳು. ಅದು ಚೆನ್ನಾಗಿತ್ತು, ಮೆತ್ತಗಿತ್ತು, ಆಕಾಶವಾಣಿಯಲ್ಲಿ ಪೇಟೆ ಧಾರಣೆ ಓದುವವರಂತೆ ಒಂದು ಹದವೂ ಬಂದಿತ್ತು. ವಿಶ್ರಾಂತಿ ನೀಡಲಾಗಿದೆ. ಹೊಸ ರೀತಿಯನ್ನು ನಿರೀಕ್ಷಿಸುತ್ತದೆ. ಮುಂದಿನ ಸಾಲಿನಲ್ಲಿ ಅಫ್ಸಾನಾ ತನ್ನ ಪ್ರತಿಯ ಮೇಲೆ ಬೆರಳಿಟ್ಟು ಮೂರನೆಯ ಸಲ ಓದುತ್ತಿದ್ದಳು, ಸಾಲಿನಿಂದ ಸಾಲಿಗೆ, ಪರೀಕ್ಷೆಗೆ ಓದುವವರಂತೆ. ಬೆರಳ ತುದಿಗೆ ಅರಿಷಿಣ ಹತ್ತಿತ್ತು. ಹದಿನೇಳಕ್ಕೆ ಬಂದಾಗ ನಾಗರತ್ನಾಳ ಬಾಯಲ್ಲಿ ಎರಡು ಸಾಲುಗಳೂ ಒಟ್ಟಿಗೆ ಬಂದು ನಿಂತವು. ‘ಹಳೆಯ ಭಾರವನ್ನು ಇಳಿಸಿಕೊಂಡು ನಿಮ್ಮ ಜಾಲತಾಣವು ಹಗುರವಾಗುತ್ತದೆ’ ಎಂದಳು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹೊಳಬಸಪ್ಪ ಮತ್ತು ಅಫ್ಸಾನಾ.

ಅಫ್ಸಾನಾಳಿಗೆ ಶಾಲು ಹೊದಿಸಿದರು. ಅವಳ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹಿಂದಿನ ಪರದೆಗೆ ಜೋಡಿಸಿದಾಗ ಹಾಸ್ಟೆಲಿನ ಸೈಟು ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಹೇಗೋ ಅರ್ಜಿಗಳ ಪುಟವೇ ತೆರೆದುಕೊಂಡಿತ್ತು. ಸಾಲು ಸಾಲು ಹುಡುಗಿಯರು, ಸ್ಟುಡಿಯೋದ ನೀಲಿ ಪರದೆಯ ಮುಂದೆ ಕುಳಿತವರು, ನಗಬಾರದೆಂದು ಯಾರೋ ಹೇಳಿದಂತೆ ತುಟಿ ಬಿಗಿಹಿಡಿದವರು. ಒಬ್ಬಳ ಜಡೆಯ ರಿಬ್ಬನ್ನು ಒಂದು ಕಡೆ ಬಿಚ್ಚಿತ್ತು. ಪ್ರತಿಯೊಬ್ಬಳ ಕೆಳಗೂ ಅಂಕಪಟ್ಟಿಯ ಚಿಕ್ಕ ಚಿತ್ರ. ಅವರೆಲ್ಲ ಬಸ್ಸಿನ ಆ ಕೂಸಿನಂತೆಯೇ ನಾಗರತ್ನಾಳ ಕಡೆ ನ್ಯಾಯ ಕೇಳದೆ, ಕೋಪವೂ ಇಲ್ಲದೆ ನೋಡುತ್ತಿದ್ದರು. ಮಹಾಂತೇಶ ಪರದೆಯ ವೈರಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತವನು ತಲೆ ಎತ್ತಲಿಲ್ಲ. ಬಸವೇಶ ಮೈಕು ಹಿಡಿದು, ‘ಮೇಡಂ ಈಗ ಒಂದ ಒಂದು ಗುಂಡಿ ಒತ್ತತಾರ, ಎಲ್ಲಾರೂ ನನ್ನ ಜೋಡಿ ಎಣಸ್ರಿ’ ಎಂದ. ಜನ ಎಣಿಸತೊಡಗಿದರು. ಒಂದು. ಅಫ್ಸಾನಾ ಬೆರಳನ್ನು ಶಾಲಿಗೆ ಒರೆಸಿಕೊಂಡಳು. ಎರಡು.

‘ಒತ್ತಬ್ಯಾಡ.’

ಅದು ತನ್ನದೇ ದನಿ ಎಂದು ನಾಗರತ್ನಾಳಿಗೆ ತಿಳಿದದ್ದು ಗೋಡೆಯಿಂದ ತಿರುಗಿ ಬಂದಾಗ. ಅವಳು ಓದಿದ ಮೈಕನ್ನು ಯಾರೂ ತೆಗೆದಿರಲಿಲ್ಲ, ಅವಳೂ ಅದರ ಮುಂದಿನಿಂದ ಕದಲಿರಲಿಲ್ಲ. ಎಣಿಕೆ ನಿಂತಿತು. ಬಸವೇಶ ನಕ್ಕ. ‘ನಮ್ಮ ಹುಡುಗಿ ಮದಲನೇ ಸಲ ಸ್ಟೇಜ್ ಏರ್ಯಾಳ, ಘಾಬರಿ ಆಗ್ಯಾಳ’ ಎಂದು ಜನರಿಗೆ ಹೇಳಿ, ಅವಳಿಗಷ್ಟೇ ಕೇಳುವಂತೆ, ‘ಕೆಳಗಿಳಿ’ ಎಂದ. ಕುಬೇರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಬಹಳ ಅಕ್ಕರೆಯಿಂದ, ‘ನೀರು ಕುಡಿ ತಂಗಿ. ಶುಭ ವ್ಯಾಳ್ಯಾದಾಗ ಹಂಗ ಅನಬಾರದು’ ಎಂದರು. ಯಾರೋ ನೀರಿನ ಲೋಟ ತಂದು ಅವಳ ಮುಂದೆ ಹಿಡಿದರು. ಅದನ್ನು ತೆಗೆದುಕೊಳ್ಳುವುದು ಎಷ್ಟು ಸುಲಭವಿತ್ತು. ಕುಡಿದು, ನಕ್ಕು, ಇಳಿದು ಹೋದರೆ ಮುಗಿಯಿತು. ಇಂದಿನ ಪುಟದಲ್ಲಿ ‘ವೇದಿಕೆಯ ಮೇಲೆ ಸ್ವಲ್ಪ ತಬ್ಬಿಬ್ಬಾದೆ’ ಎಂಬ ವಾಕ್ಯ ಆಗಲೇ ಸಿದ್ಧವಾಗುತ್ತಿತ್ತು, ಪೂರ್ಣವಿರಾಮದ ಸಹಿತ. ಅಫ್ಸಾನಾ ಗುಂಡಿಯ ಮೇಲಿನಿಂದ ಬೆರಳನ್ನು ತೆಗೆದಿರಲಿಲ್ಲ. ಮೈಕಿಲ್ಲದೆ, ಇಬ್ಬರ ನಡುವಿನ ನಾಲ್ಕು ಹೆಜ್ಜೆಯಷ್ಟು ದೂರಕ್ಕೆ ಮಾತ್ರ ಸಾಲುವ ದನಿಯಲ್ಲಿ ಕೇಳಿದಳು: ‘ಯಾಕ ನಾಗೂ?’

ನಾಗರತ್ನಾ ಲೋಟವನ್ನು ಮುಟ್ಟಲಿಲ್ಲ. ಮೈಕಿನಲ್ಲೇ ಹೇಳಿದಳು:

‘ಹುಡುಗ್ಯಾರ ಕಾಗದ ಎಲ್ಲಾ ಅಳಿಸಿ ಹೋಗ್ತಾವ ಅಫ್ಸಾನಾ. ನನಗ ಗೊತ್ತೈತಿ. ಹೋದ ವರ್ಷದ್ದೂ ಗೊತ್ತಿತ್ತು.’